ಖಣದ ಗರ್ಭಚೀಲ

ನಾನು ಒಂದು ಏಪ್ರನ್. ಅಡುಗೆಮನೆಯದಲ್ಲ. ಕೊರಳಿಗೆ ಹಾಕಿ ಸೊಂಟಕ್ಕೆ ಕಟ್ಟಿಕೊಂಡರೆ ಹೆಂಗಸಿನ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಹೊರಗೆ ತೋರಿಸುವ ಏಪ್ರನ್. ಗುಳೇದಗುಡ್ಡದ ನೇಕಾರರ ಓಣಿಯಲ್ಲಿ, ಹಸೀನಾಬಿಯ ಹೊಲಿಗೆ ಯಂತ್ರದ ಮೇಲೆ ನಾನು ಹುಟ್ಟಿದೆ. ಮೈಯೆಲ್ಲ ಬಿಳಿ ಬಟ್ಟೆ. ನಡುವೆ, ರವಿಕೆಗೆ ಕತ್ತರಿಸಿ ಉಳಿದ ಕೆಂಪು ಖಣದ ತುಂಡಿನಿಂದ, ತಲೆಕೆಳಗಾದ ಪೇರಲಹಣ್ಣಿನಂಥ ಒಂದು ಚೀಲ. ಅದರ ಎರಡು ಕಡೆ ಲಾಡಿಯಂಥ ಸಣ್ಣ ಕೊಳವೆಗಳು. ಕೊಳವೆಗಳ ಬಳಿ ಹತ್ತಿ ತುಂಬಿದ ಎರಡು ಪುಟ್ಟ ಗಂಟು, ಗಂಟಿನಲ್ಲಿ ಬಿಳಿ ಮಣಿಗಳು.

ನನ್ನನ್ನು ಹೊಲಿಸಿದವಳು ಆರೋಗ್ಯ ಉಪಕೇಂದ್ರದ ನರ್ಸ್ ದಾಕ್ಷಾಯಣಿ. ಪಕ್ಕದಲ್ಲೇ ಕುಳಿತು ಹೀಗೆ ಹೊಲಿ, ಹಾಗೆ ಹೊಲಿ ಎಂದು ಹೇಳುತ್ತಿದ್ದಳು. ಹಸೀನಾಬಿ ನಡುವೆ ಕೇಳಿದಳು.

"ಸಿಸ್ಟರ್, ಉಂಡ ಅನ್ನ ಹೋಗೂ ಚೀಲ ಎಲ್ಲೈತ್ರಿ? ಕೂಸು ಅದರಾಗ ಇರತೈತಲ್ಲ?"

"ಅದು ಬ್ಯಾರೆ ಹಸೀನಾಬಿ. ಕೂಸಿನ ಮನಿ ಬ್ಯಾರೆ."

ನಾಲ್ಕು ಮಕ್ಕಳ ತಾಯಿ ಹಸೀನಾಬಿ ಯಂತ್ರ ತುಳಿಯುವುದನ್ನು ನಿಲ್ಲಿಸಿದಳು. "ಹಂಗಾರ ಕೂಸಿಗೆ ಜಾಗ ಸಾಲಂಗಿಲ್ಲಂತ ನಾ ಅರ್ಧಾ ಹೊಟ್ಟಿ ಉಂಡದ್ದು ಸುಮ್ನನ?" ಎಂದಳು. ಆಮೇಲೆ ನನ್ನ ಖಣದ ಚೀಲಕ್ಕೆ ಎರಡೆರಡು ಸಲ ಹೊಲಿಗೆ ಹಾಕಿದಳು.

ಮೊದಲ ಸಲ ನಾನು ಹೊರಗೆ ಹೋದದ್ದು ಕಸ್ತೂರೆವ್ವನ ಮನೆಯ ಕಟ್ಟೆಗೆ. ಕಸ್ತೂರೆವ್ವ ಒಂಬತ್ತು ಹೆತ್ತವಳು, ನಾಲ್ಕು ಉಳಿಸಿಕೊಂಡವಳು. ಓಣಿಗೆ ಬಂದ ಹೊಸ ಸೊಸೆಯಂದಿರಿಗೆಲ್ಲ ಅವಳ ಮಾತೇ ಆಸರೆ. ಯಾರಿಗೆ ವಾಂತಿಯಾದರೂ ಮೊದಲು ಓಡಿ ಹೋಗಿ ಶುಂಠಿ ಬೆಲ್ಲ ಕೊಡುವವಳು ಅವಳೇ. ದಾಕ್ಷಾಯಣಿ ನನ್ನನ್ನು ಕಟ್ಟಿಕೊಂಡು ನಿಂತಾಗ ಹೆಂಗಸರು ಸೆರಗು ಬಾಯಿಗೆ ತುರುಕಿ ನಕ್ಕರು. ಕಸ್ತೂರೆವ್ವ ನಗಲಿಲ್ಲ.

"ಆ ಅಂಗಿ ಏನ್ ಹೇಳತೈತಿ? ಬಸರ ನಿಲ್ಲಬಾರದಂತ ಒಳಗ ವಂಕಿ ಹಾಕಿಸಿದ್ರ ಅದು ಏರಕೋತ ಹೋಗಿ ಎದಿಗೆ ಚುಚ್ಚತೈತಿ. ಗುಳಿಗಿ ನುಂಗಿದ್ರ ಹೊಟ್ಟ್ಯಾಗ ಗಡ್ಡಿ ಕಟ್ಟತಾವು. ಹಾಲು ಕುಡಸಾಕಿಗಂತೂ ಇದ್ಯಾವದೂ ಬೇಕಾಗಿಲ್ಲ. ಮುಟ್ಟಾಗೂತನಕಾ ಬಸರ ನಿಲ್ಲಂಗಿಲ್ಲ."

ಅವಳ ಸೊಸೆ ನೀಲವ್ವ ಎಂಟು ತಿಂಗಳ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಕಣ್ಣಿನ ರೆಪ್ಪೆಯ ಒಳಗೂ ಬಿಳಿ, ಅಷ್ಟು ರಕ್ತ ಕಡಿಮೆ. ದಾಕ್ಷಾಯಣಿ ಅವಳಿಗೆ ಕೇಳುವಂತೆ ಹೇಳಿದಳು. "ಬರೇ ಎದಿಹಾಲ ಕುಡಿಯೂ ಕೂಸಿದ್ರ, ಮುಟ್ಟು ಬಂದಿರದಿದ್ರ, ಆರು ತಿಂಗಳ ತನಕಾ ಆ ಮಾತು ಬಹಳಮಟ್ಟಿಗೆ ಖರೆ. ನಿನ್ನ ಮಗಳು ಈಗ ಗಂಜಿ ಉಣ್ಣತಾಳ. ನೋಡ, ಈ ಮಣಿ ಅಂದ್ರ ಹೆಂಗಸಿನ ತತ್ತಿ, ಅದು ಮೊದಲ ಹೊರಗ ಬರತೈತಿ. ಮುಟ್ಟು ಬರೂದು ಅದಾದ ಹದಿನೈದು ದಿನಕ್ಕ. ಮುಟ್ಟಾಗಲಿ ಅಂತ ಕಾಯಕೋತ ಕುಂತ್ರ ಅಷ್ಟರಾಗ ಬಸರ ನಿಂತಿರತೈತಿ."

ನೀಲವ್ವ ನನ್ನನ್ನೇ ನೋಡಿದಳು. ತುಟಿ ಅಲುಗಿತು. ಆಮೇಲೆ ಅತ್ತೆಯ ಮುಖ ನೋಡಿ ಒಳಗೆ ಹೋದಳು.

ಅವಳು ಉಪಕೇಂದ್ರಕ್ಕೆ ಬರುವ ಹೊತ್ತಿಗೆ ಬಸಿರು ನಿಂತು ನಾಲ್ಕು ತಿಂಗಳಾಗಿತ್ತು. ನಾನು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದ್ದೆ. ದಾಕ್ಷಾಯಣಿ ಬಯ್ಯಲಿಲ್ಲ. ಕಬ್ಬಿಣದ ಗುಳಿಗೆ ಕೊಟ್ಟಳು, ವಾರವಾರವೂ ಮನೆಗೆ ಹೋಗಿ ಬಂದಳು. ಆದರೂ ಹೆರಿಗೆಯ ದಿನ ನೀಲವ್ವನ ರಕ್ತ ನಿಲ್ಲಲಿಲ್ಲ. ಬಾಗಲಕೋಟೆಗೆ ಓಡಿದ ಗಾಡಿಯಲ್ಲಿ, ದಾಕ್ಷಾಯಣಿಯ ಚೀಲದೊಳಗೆ ನಾನೂ ಇದ್ದೆ.

ನೀಲವ್ವನ ಗಂಡ ಶೇಖಪ್ಪ ರಕ್ತ ಕೊಡಲು ಹೋದ. ಕೂಸು ಬೇರೆ ಕೋಣೆಯಲ್ಲಿತ್ತು. ಕಸ್ತೂರೆವ್ವ ಆಸ್ಪತ್ರೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. "ಸಿಸ್ಟರವ್ವಾ, ಆ ಅಂಗಿ ತಗಿ" ಎಂದಳು.

ನನ್ನನ್ನು ತೊಡೆಯ ಮೇಲೆ ಹಾಸಿಕೊಂಡಳು. ನಲವತ್ತು ವರ್ಷ ನೂಲು ಹಿಡಿದ ಕೈ ಅದು. ಖಣದ ಚೀಲದೊಳಗೆ ಬೆರಳು ಹಾಕಿ ಮೇಲಕ್ಕೆ ತಡಕಿದಳು. ಬೆರಳು ಹೊಲಿಗೆಗೆ ಬಡಿದು ನಿಂತಿತು. ಮತ್ತೆ ತಡಕಿದಳು.

"ಎದಿಗೆ ಹೋಗೂ ದಾರಿ ಎಲ್ಲೈತಿ?"

"ಇಲ್ಲ ಆಯಿ."

"ಹೊಲಿಯಾಕಿ ಮರತಿರಬೇಕು."

"ಇದ್ದಂಗ ಹೊಲದಾಳ. ಬಾಜೂಕ ಎರಡು ಕೊಳವಿ ಅದಾವಲ್ಲ, ಖರೇ ಹೊಟ್ಟ್ಯಾಗ ಅವು ದಾರದಷ್ಟು ಸಣ್ಣ. ವಂಕಿ ಅದರಾಗ ಹಿಡಿಯಂಗಿಲ್ಲ. ಒಬ್ಬೊಬ್ಬರಿಗೆ ಕೆಳಗ ಜಾರಿ ಬೀಳತೈತಿ, ಅಷ್ಟ. ಎದಿಗೆ ಏರೂದಿಲ್ಲ."

ಕಸ್ತೂರೆವ್ವನ ಬೆರಳು ಚೀಲದೊಳಗೇ ಉಳಿಯಿತು. "ಹಂಗಾರ ಆ ಹುಡುಗಿನ ಇಲ್ಲಿಗೆ ತಂದಾಕಿ ನಾನ" ಎಂದಳು.

"ನಿಮಗೂ ಯಾರೂ ಹೇಳಿರಲಿಲ್ಲ ಆಯಿ" ಎಂದು ದಾಕ್ಷಾಯಣಿ ಅವಳ ಪಕ್ಕ ನೆಲದ ಮೇಲೇ ಕುಳಿತಳು.

ಮೂರನೆಯ ದಿನ ನೀಲವ್ವ ಕಣ್ಣು ಬಿಟ್ಟು ಗಂಜಿ ಕೇಳಿದಳು. ಕೂಸೂ ಉಳಿಯಿತು. ಮನೆಗೆ ಬಂದ ಮೇಲೆ, ಮತ್ತೆ ಬಸಿರು ನಿಲ್ಲದಂತೆ ಮುಂದೇನು ಎಂಬ ಮಾತು ಬಂತು. ಇಷ್ಟು ದಿನ ಬಾಗಿಲಲ್ಲೇ ನಿಂತಿದ್ದ ನೀಲವ್ವ ಗಂಡನ ಎದುರು ಕುಳಿತು ಹೇಳಿದಳು. "ನಾ ಎರಡು ಹೆರಿಗ್ಯಾಗೂ ಸಾಯಾಕ ಹೋಗಿ ಬಂದೀನಿ. ಇನ್ನ ನೀವು ಹೋಗ್ರಿ."

ಶೇಖಪ್ಪನ ಮುಖ ಬಿಳಿಚಿತು. ಗಂಡಸರ ಆಪರೇಶನ್ ಆದರೆ ತೋಳಿನ ಕಸುವು ಹೋಗುತ್ತದೆ, ಮಗ್ಗ ಎಳೆಯಲು ಬರುವುದಿಲ್ಲ ಎಂದು ಅವನೂ ಕೇಳಿದ್ದ. ತಾಯಿಯ ಕಡೆ ನೋಡಿದ. ಕಸ್ತೂರೆವ್ವ, "ನನ್ನೇನ್ ನೋಡತಿ? ಸಿಸ್ಟರ್‌ನ ಕೇಳು" ಎಂದಳು. ಅವನು ಕೇಳಿದ, ಹೋದ, ಬಂದ. ವಾರದ ಮೇಲೆ ಮಗ್ಗಕ್ಕೆ ಕುಳಿತಾಗ ಓಣಿಯವರೆಲ್ಲ ಕಿವಿಗೊಟ್ಟರು. ಸದ್ದು ಮೊದಲಿನಷ್ಟೇ ಗಟ್ಟಿಯಾಗಿತ್ತು. ಇನ್ನು ಮೂರು ತಿಂಗಳು ಬಸಿರು ನಿಲ್ಲದಂತೆ ಎಚ್ಚರದಿಂದಿರಬೇಕು, ಪರೀಕ್ಷೆ ಮಾಡಿಸಿದ ಮೇಲೇ ಭರವಸೆ ಎಂದು ದಾಕ್ಷಾಯಣಿ ಹೇಳಿದ್ದನ್ನು ಕಸ್ತೂರೆವ್ವ ಮಗನಿಗೆ ದಿನಾ ನೆನಪಿಸುತ್ತಿದ್ದಳು. ಅವನು ನಾಚಿ ಹೊರಗೆ ಹೋಗುತ್ತಿದ್ದ.

ದಾಕ್ಷಾಯಣಿಗೆ ವರ್ಗವಾದಾಗ ನಾನು ಕಸ್ತೂರೆವ್ವನ ಪಾಲಾದೆ. ಅವಳು ನನ್ನನ್ನು ಸೀರೆಯ ಮೇಲೆ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಿದ್ದಳು. "ಬೆರಳು ಹಾಕಿ ನೋಡ್ರಿ, ದಾರಿ ಸಿಕ್ರ ನನಗ ಹೇಳ್ರಿ" ಎನ್ನುತ್ತಿದ್ದಳು. ಎಷ್ಟು ಬೆರಳುಗಳು ನನ್ನೊಳಗೆ ಬಂದುಹೋದವೋ! ಖಣದ ಅಂಚು ಸವೆದು ದಾರ ಬಿಟ್ಟಿತು.

ಒಮ್ಮೆ ಹೊಸ ಸೊಸೆಯೊಬ್ಬಳು ಅವಳ ಕಿವಿಯ ಹತ್ತಿರ ಬಂದು ಕೇಳಿದಳು. "ಆಯಿ, ನಾ ಫಿಟ್ಸಿನ ಗುಳಿಗಿ ತಗೋತೀನಿ. ಅದರ ಜೋಡಿ ಬಸರ ತಡಿಯೂ ಗುಳಿಗಿ ನಡೀತಾವೇನ್?"

ಕಸ್ತೂರೆವ್ವ ಅವಳ ಕಡೆ ತಿರುಗಿದಳು.

"ನನಗ ಗೊತ್ತಿಲ್ಲವಾ" ಎಂದಳು. "ನಡಿ, ಕೇಳಕೊಂಡು ಬರೂಣು."

ನನ್ನನ್ನು ಬಿಚ್ಚುವುದನ್ನೂ ಮರೆತು, ಆ ಹುಡುಗಿಯ ಕೈಹಿಡಿದು, ಉರಿಬಿಸಿಲಿನಲ್ಲಿ ಪೇಟೆಯ ನಡುವೆಯೇ ಉಪಕೇಂದ್ರಕ್ಕೆ ನಡೆದಳು. ಪಾನ್ ಅಂಗಡಿಯವನು ಸುಣ್ಣ ಹಚ್ಚುತ್ತಿದ್ದವನು ಹಾಗೇ ನಿಂತ. ಎರಡು ಸೈಕಲ್ ನಿಂತವು. ಕಸ್ತೂರೆವ್ವ ಯಾರನ್ನೂ ನೋಡಲಿಲ್ಲ.

ಈಗ ನಾನು ಉಪಕೇಂದ್ರದ ಕಪಾಟಿನ ಕೆಳಗಿನ ಹಲಗೆಯ ಮೇಲಿದ್ದೇನೆ. ಹೊಸ ಸಿಸ್ಟರ್ ಹತ್ತಿರ ಪ್ಲಾಸ್ಟಿಕ್ಕಿನ ಮಾದರಿಯಿದೆ, ಮೊಬೈಲಿನಲ್ಲಿ ಚಿತ್ರವೂ ಇದೆ. ನನಗೆ ಬೇಸರವಿಲ್ಲ. ನಾನು ಹುಟ್ಟಿದ್ದು ಹೆಂಗಸಿನ ಹೊಟ್ಟೆಯೊಳಗಿನದನ್ನು ತೋರಿಸಲಿಕ್ಕೆ. ಆದರೆ ನಾನು ಕಂಡದ್ದರಲ್ಲಿ ದೊಡ್ಡದೆಂದರೆ, ಆ ಬಿಸಿಲಿನಲ್ಲಿ ಬರಿಗಾಲಲ್ಲಿ, ಗೊತ್ತಿಲ್ಲದ್ದನ್ನು ಕೇಳಲು ಹೊರಟ ಒಬ್ಬ ಮುದುಕಿಯ ಅವಸರದ ನಡಿಗೆ.