ಹನ್ನೆರಡು ಹಾಳೆ ನಡುಕ

ಆ ಮಧ್ಯಾಹ್ನ ಕಾರ್ಮೆಲಾ ಸ್ಕಾರ್ಪಾ, ಮುದುಕ ಕಾನ್ರಾಯ್ ಬರೆದುಕೊಟ್ಟ ಗೆರೆಗಳನ್ನು ಮೊದಲ ಸಲ ಇದ್ದದ್ದು ಇದ್ದ ಹಾಗೆ ಶಾಯಿಯಲ್ಲಿ ಎಳೆದಳು.

ನ್ಯೂಯಾರ್ಕಿನ ಆ ನಾಲ್ಕನೇ ಮಹಡಿಯ ಕಾರ್ಟೂನು ಕಂಪನಿಯಲ್ಲಿ ಅವಳ ಕೆಲಸವೇ ಅದು. ಚಿತ್ರಗಾರರು ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ಪಾರದರ್ಶಕ ಹಾಳೆ ಇಟ್ಟು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಎಳೆಯಬೇಕು. ಆದರೆ ಎರಡು ವರ್ಷದಿಂದ ಅವಳು ಕಾನ್ರಾಯನ ಗೆರೆಗಳನ್ನು ಕದ್ದು ನೆಟ್ಟಗೆ ಮಾಡುತ್ತ ಬಂದಿದ್ದಳು. ಅವನ ಕೈ ನಡುಗುತ್ತಿತ್ತು. ಮೊದಲೆಲ್ಲ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪ್ರತಿ ಹಾಳೆಯಲ್ಲೂ ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತಿದ್ದ ಕಾಲ, ತೆರೆಯ ಮೇಲೆ ಮನೆ, ಮರ, ಚಂದ್ರ ಎಲ್ಲವೂ ಚಳಿಜ್ವರ ಬಂದಂತೆ ನಡುಗುತ್ತಿದ್ದವು. ಪಾರದರ್ಶಕ ಹಾಳೆ ಬಂದ ಮೇಲೆ ಮೈಯನ್ನು ಒಮ್ಮೆ ಬರೆದಿಟ್ಟು, ಆಡುವ ಕೈಕಾಲನ್ನಷ್ಟೇ ಮತ್ತೆ ಮತ್ತೆ ಬರೆಯತೊಡಗಿದರು. ಅಲುಗದ ಮೈಯಲ್ಲಿ ನಡುಗುವ ಕೈ ಎದ್ದು ಕಾಣುತ್ತದೆ.

ಅವಳ ಉಪಕಾರಕ್ಕೆ ಕಾನ್ರಾಯ್ ಮಾತು ಕೊಟ್ಟಿದ್ದ: ಚಿತ್ರಗಾರರ ಸಾಲಿನಲ್ಲಿ ಕುರ್ಚಿ ಖಾಲಿಯಾದ ದಿನ ಅವಳ ಹೆಸರು ಹೇಳುತ್ತೇನೆಂದು. ಕಾರ್ಮೆಲಾಗೆ ಬದುಕಿನಲ್ಲಿ ಬೇಕಿದ್ದದ್ದು ಆ ಕುರ್ಚಿಯೊಂದೇ. ಚಿಕ್ಕವಳಿದ್ದಾಗ ಬೀದಿಕೊನೆಯ ಸಿನಿಮಾ ಟೆಂಟಿನಲ್ಲಿ, ಪಿಯಾನೋದ ಗಲಾಟೆಯ ನಡುವೆ, ರಸ್ತೆ ರೋಲರಿನಡಿ ಚಪಾತಿಯಾದ ಕಾರ್ಟೂನು ಹಂದಿಯೊಂದು ಎದ್ದು, ಮೈ ಕೊಡವಿ, ತನ್ನ ಬಾಲವನ್ನೇ ಕಿತ್ತು ಛತ್ರಿ ಮಾಡಿಕೊಂಡು ನಡೆದುಹೋದದ್ದನ್ನು ಅವಳು ನೋಡಿದ್ದಳು. ಆ ವಾರವೇ ಅವಳಪ್ಪ ಹಡಗುಕಟ್ಟೆಯಲ್ಲಿ ಸರಕಿನ ಪೆಟ್ಟಿಗೆಯಡಿ ಸಿಕ್ಕಿ ಜಜ್ಜಿಹೋಗಿದ್ದ. ಅವನು ಎದ್ದಿರಲಿಲ್ಲ.

ಹಿಂದಿನ ದಿನ ಕುರ್ಚಿ ಖಾಲಿಯಾಗಿತ್ತು. ಅದಕ್ಕೆ ಕಾರ್ಮೆಲಾ ಆದೀತೇ ಎಂದು ಯಜಮಾನ ಹಾಸ್‌ಕ್ಯಾಂಪ್ ಕೇಳಿದಾಗ ಕಾನ್ರಾಯ್ ನಕ್ಕು ಹೇಳಿದ್ದ: "ಕಾರ್ಮೆಲಾನಾ? ಪಾಪ, ಒಳ್ಳೇ ಹುಡುಗಿ. ಶಾಯಿಗೆ ಹೇಳಿ ಮಾಡಿಸಿದ ಕೈ. ಆದ್ರೆ ನಗ್ಸೋದು ಹೆಂಗಸರ ರಕ್ತದಲ್ಲೇ ಇಲ್ಲ ಬಿಡಿ ಬಾಸ್." ಶಾಯಿ ಬಾಟಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು ಅವಳು. ಕುರ್ಚಿಗೆ ಯಾರನ್ನೂ ಹಾಕದೆ ಹಾಸ್‌ಕ್ಯಾಂಪ್ ಹಾಗೇ ಬಿಟ್ಟ.

ಅದಕ್ಕೇ ಇವತ್ತು, ಪಿಂಕಸ್ ಎಂಬ ಮೇಕೆ ಚುಟ್ಟಾ ಹಚ್ಚುವ ಹನ್ನೆರಡು ಹಾಳೆಗಳ ಒಂದೊಂದು ನಡುಕವನ್ನೂ ಅವಳು ಪ್ರಾಮಾಣಿಕವಾಗಿ ಎಳೆದಳು.

ಮಂಗಳವಾರ ಗೋಡೆಗೆ ಬಿಳಿಬಟ್ಟೆ ಕಟ್ಟಿ ಚಿತ್ರ ಓಡಿಸಿದರು. ಮೇಕೆಯ ಮೈ ಕಲ್ಲಿನಂತೆ ನಿಂತಿದೆ. ಕಡ್ಡಿ ಹಿಡಿದ ಕೈ ಮಾತ್ರ ತರತರ ನಡುಗುತ್ತ ಚುಟ್ಟಾದ ಹತ್ತಿರ ಬರುತ್ತದೆ, ತಪ್ಪುತ್ತದೆ, ಮತ್ತೆ ಬರುತ್ತದೆ. ಕಾರ್ಮೆಲಾ ಯಜಮಾನನ ಮುಖ ನೋಡಿದಳು. ಹಾಸ್‌ಕ್ಯಾಂಪ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಕಳ್ಳಸಾರಾಯಿ ಕುಡಿದ ಮೇಕೆ! ಹೇಗಯ್ಯಾ ಹೊಳೀತು ನಿಂಗೆ?"

ಕಾನ್ರಾಯ್ ಕಾರ್ಮೆಲಾಳನ್ನು ಒಮ್ಮೆ ನೋಡಿದ. "ಅನುಭವ ಬಾಸ್."

ಆ ಹನ್ನೆರಡು ಹಾಳೆಗಳು ಕಪಾಟು ಸೇರಿದವು. ಒಮ್ಮೆ ಬರೆದ ಹಾಳೆಗಳನ್ನೇ ಸುತ್ತಿನ ಮೇಲೆ ಸುತ್ತಾಗಿ ಎಷ್ಟು ಚಿತ್ರದಲ್ಲಾದರೂ ಓಡಿಸುವುದು ಆ ಕಂಪನಿಯ ರೂಢಿ. "ನಡುಕ ಆಯ್ತು," ಎಂದ ಹಾಸ್‌ಕ್ಯಾಂಪ್. "ಈಗ ನೆಟ್ಟಗೆ ನಡೆಯೋ ಮೇಕೆ ಬರಿ."

ಕಾನ್ರಾಯ್ ಅವಳ ಮೇಜಿನ ಪಕ್ಕ ಬಂದು ಬಗ್ಗಿದ. "ಮಗಳೇ, ಇದೊಂದ್ಸಲ ಕಾಪಾಡು. ಮೊದಲಿನ ಹಾಗೇ ತಿದ್ದಿಬಿಡು."

"ನಮ್ಮ ಕೈ ಬರೀ ಶಾಯಿಗೆ ತಾನೇ ಸಾರ್? ಇದ್ದದ್ದನ್ನ ಇದ್ದ ಹಾಗೆ ಎಳೆಯೋದಷ್ಟೇ ಗೊತ್ತು."

ಮುಂದಿನ ಮಂಗಳವಾರ ಮೇಕೆ ನಡೆಯುತ್ತಲೂ ನಡುಗಿತು. ಹಾಸ್‌ಕ್ಯಾಂಪ್ ನಗಲಿಲ್ಲ. ಎಲ್ಲರ ಮುಂದೆ ಕಾನ್ರಾಯನನ್ನು ನಿಲ್ಲಿಸಿ, ಅಂಚಿನವರೆಗೆ ಕಾಫಿ ತುಂಬಿದ ಕಪ್ಪನ್ನು ಕೈಗೆ ಕೊಟ್ಟ. "ಆ ಕಿಟಕಿ ಮುಟ್ಟಿ ಬಾ." ಮೂರನೇ ಹೆಜ್ಜೆಗೇ ಕಾಫಿ ಅಂಗಿಯ ತೋಳಿನೊಳಗೆ ಇಳಿಯಿತು. ಯಾರೋ, "ಅಯ್ಯೋ, ಪಿಂಕಸ್!" ಎಂದರು. ಇಡೀ ಕೋಣೆ ಗೊಳ್ಳೆಂದಿತು. ಕಾರ್ಮೆಲಾ ಕೂಡ ನಕ್ಕಳು. ತಡೆಯಲಾಗಲಿಲ್ಲ, ಅದು ನಿಜಕ್ಕೂ ಮೇಕೆಯ ಹಾಗೇ ಇತ್ತು. ಕಾನ್ರಾಯ್ ಕಪ್ಪನ್ನು ಕಿಟಕಿಯವರೆಗೂ ಒಯ್ದು, ಅಲ್ಲಿಟ್ಟು, ಟೋಪಿ ತೆಗೆದುಕೊಂಡು ಹೋದ.

ಅವನ ಕುರ್ಚಿ ಅವಳಿಗೆ ಸಿಕ್ಕಿತು. "ಮುದುಕ ನಿಂಗೆ ನಗ್ಸೋಕೆ ಬರಲ್ಲ ಅಂದಿದ್ದ. ನೋಡೋಣ," ಎಂದ ಹಾಸ್‌ಕ್ಯಾಂಪ್.

ಕೊಟ್ಟ ಕೆಲಸ ಚಿಕ್ಕದು: ಹನ್ನೆರಡು ಹಾಳೆ ಆರು ಸುತ್ತು ಓಡಿದ ಮೇಲೆ ಪಿಂಕಸ್‌ನ ಚುಟ್ಟಾ ಹತ್ತಿಕೊಳ್ಳಬೇಕು. ಅವಳು ನಲವತ್ತು ಹಾಳೆ ಬರೆದಳು. ಬೆಂಕಿ ತಾಗುತ್ತದೆ, ಮೇಕೆ ಕಣ್ಣು ಮುಚ್ಚುತ್ತದೆ, ಭುಜ ಇಳಿಯುತ್ತದೆ, ಹೊಗೆ ಮೆಲ್ಲಗೆ ಸುರುಳಿಯಾಗಿ ಮೇಲೇಳುತ್ತದೆ. ಆ ಮೇಕೆಗೆ ತೂಕವಿತ್ತು, ದಣಿವಿತ್ತು. ಅಂಥದ್ದನ್ನು ಆ ಕಂಪನಿಯಲ್ಲಿ ಯಾರೂ ಬರೆದಿರಲಿಲ್ಲ.

ಆರು ಸುತ್ತೂ ಜನ ನಕ್ಕರು. ಹೊಗೆ ಎದ್ದಾಗ ಪ್ರೊಜೆಕ್ಟರಿನ ಕಟಕಟ ಮಾತ್ರ ಕೇಳಿಸಿತು.

"ಅದನ್ನ ಕತ್ತರಿಸಿ ಎಸಿ," ಎಂದ ಹಾಸ್‌ಕ್ಯಾಂಪ್. "ಹನ್ನೆರಡನ್ನೇ ಇನ್ನೂ ಎಂಟು ಸುತ್ತು ಓಡ್ಸು."

"ಚುಟ್ಟಾ ಹತ್ತಲೇ ಇಲ್ವಲ್ಲ ಬಾಸ್! ಕತೆ ಮುಗಿಯೋದು ಹೇಗೆ?"

"ಹತ್ತೋದನ್ನ ನೋಡೋಕೆ ಯಾರಮ್ಮಾ ದುಡ್ಡು ಕೊಟ್ಟು ಬರ್ತಾರೆ?" ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಆ ಹನ್ನೆರಡು ಹಾಳೆಗಳು ಗೀರು ಬಿದ್ದು ಹಾಳಾಗಿವೆ. ಮುದುಕನ ಪೆನ್ಸಿಲ್ ಮೂಲ ಹೊರತೆಗೆದು ಹೊಸದಾಗಿ ಶಾಯಿ ಹಾಕು. ನಿನ್ನ ಹಳೇ ಮೇಜಲ್ಲೇ ಕೂತ್ಕೋ, ಅಲ್ಲಿ ಬೆಳಕು ಚೆನ್ನಾಗಿದೆ."

ಅವಳು ಹಳೆಯ ಮೇಜಿಗೆ ಬಂದು ಕಾನ್ರಾಯನ ಮೊದಲ ಪೆನ್ಸಿಲ್ ಹಾಳೆಯನ್ನು ಅಲುಗದಂತೆ ಮೇಜಿನ ಗೂಟಕ್ಕೆ ಸಿಕ್ಕಿಸಿ, ಮೇಲೆ ಪಾರದರ್ಶಕ ಹಾಳೆ ಇಟ್ಟಳು. ನಡುಕದ ಮೂರನೇ ತಿರುವಿನಲ್ಲಿ, ಎರಡು ವರ್ಷದ ರೂಢಿಗೆ, ಅವಳ ಲೇಖನಿ ತಾನಾಗಿ ನೆಟ್ಟಗೆ ಹೋಯಿತು. ಬಟ್ಟೆಗೆ ಉಗುಳು ಹಚ್ಚಿ ಅದನ್ನು ಒರೆಸಿದಳು. ಮತ್ತೆ ಎಳೆದಳು. ಮತ್ತೆ ನೆಟ್ಟಗೆ ಹೋಯಿತು.