ಸಬೀಲಿನ ನೀರು

ಬೆಳಗಿನ ಕೆಲಸ ಮುಗಿಸಿ ನಿಲೋಫರ್ ಎರಡು ಮಣ್ಣಿನ ಮಡಕೆಗಳನ್ನು ತೊಳೆದು, ನೀರು ತುಂಬಿ, ಗೇಟಿನ ಹೊರಗಿನ ಕಟ್ಟೆಯ ಮೇಲೆ ಇಡುತ್ತಿದ್ದಳು. ಯಲ್ಲಾಪುರ ಮುಗಿದು ಶಿರಸಿ ರಸ್ತೆ ಶುರುವಾಗುವ ತಿರುವು ಅದು. ಬಸ್ಸಿಗೆ ಕಾಯುವವರು, ಲಾರಿ ನಿಲ್ಲಿಸಿ ಟಯರು ಒದ್ದು ನೋಡುವ ಡ್ರೈವರುಗಳು, ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋಗುವ ಹೆಂಗಸರು, ಎಲ್ಲರೂ ಅಲ್ಲಿ ನಿಂತು ನೀರು ಕುಡಿಯುತ್ತಿದ್ದರು. ಅವಳ ಗಂಡ ಅತೀಕ್ ಲಾರಿ ಓಡಿಸುತ್ತಿದ್ದವನು. ಹಿತ್ತಲಲ್ಲಿ ಬೋರ್‌ವೆಲ್ ಕೊರೆಸಿದ ವರ್ಷವೇ ದಾರಿಹೋಕರಿಗೆಂದು ಈ ಸಬೀಲು, ಅಂದರೆ ಅರವಟ್ಟಿಗೆ, ಇಟ್ಟಿದ್ದ. ಅವನು ತೀರಿಕೊಂಡ ಮೇಲೆ ಅವನ ಹೆಸರಿನ ಪುಣ್ಯವೆಂದು ಅವಳು ನಡೆಸಿಕೊಂಡು ಬಂದಿದ್ದಳು.

ಪುಣ್ಯದ ಮಾತು ಸುಳ್ಳಲ್ಲ. ಆದರೆ ಮಕ್ಕಳುಮರಿ ಇಲ್ಲದ ಆ ಮನೆಯಲ್ಲಿ ಅವಳನ್ನು ಮಾತಾಡಿಸುವವರೇ ಇರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ನಿಜ. ಲೋಟ ಕೊಡುವಾಗ, “ನಿಲೋಫರಕ್ಕ, ಶಿರಸಿ ಬಸ್ಸು ಹೋಯ್ತನಾ?” ಎಂದು ಯಾರೋ ಕೇಳುತ್ತಿದ್ದರು. ಮಗಳ ಬಾಣಂತನದ ಸುದ್ದಿ ಇನ್ನಾರೋ ಹೇಳುತ್ತಿದ್ದರು. ಆ ನಾಲ್ಕು ಮಾತಿನಲ್ಲಿ ಅವಳು ದಿನ ದೂಡುತ್ತಿದ್ದಳು.

ಶಿರಸಿಯಲ್ಲಿರುವ ಭಾವ ಜಹಾಂಗೀರನ ಮಗಳು ಸನಾ ಧಾರವಾಡದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಳು. ಕೆಟ್ಟ ನೀರಿನಿಂದ ಲೋಹ ತೆಗೆಯುವುದೇ ಅವಳ ಸಂಶೋಧನೆ. ರಜೆಗೆ ಬಂದವಳು ಬೇರೆ ಬೇರೆ ಊರಿನ ನೀರಿನ ಜೊತೆ ತನ್ನ ಚಾಚಿ, ಅಂದರೆ ಚಿಕ್ಕಮ್ಮ ನಿಲೋಫರಳ ಬೋರಿನ ನೀರನ್ನೂ ಪರೀಕ್ಷೆಗೆ ಒಯ್ದಿದ್ದಳು. ಮಾರ್ಚ್ ಕೊನೆಗೆ ಅಪ್ಪನನ್ನು ಕರೆದುಕೊಂಡೇ ಬಂದಳು.

“ಚಾಚಿ, ಈ ನೀರಲ್ಲಿ ಯುರೇನಿಯಂ ಇದೆ. ಇರಬೇಕಾದ್ದಕ್ಕಿಂತ ಜಾಸ್ತಿ ಇದೆ. ಆಳದ ಕಲ್ಲಿನಿಂದ ಬಂದದ್ದು, ಯಾರ ತಪ್ಪೂ ಅಲ್ಲ. ಆದ್ರೆ ವರ್ಷಗಟ್ಟಲೆ ಕುಡಿದ್ರೆ ಕಿಡ್ನಿಗೆ ಒಳ್ಳೇದಲ್ಲ.”

“ಕುದಿಸಿ ಕೊಡ್ತೇನೆ ಬೇಟಾ.”

“ಕುದಿಸಿದ್ರೆ ನೀರು ಆವಿಯಾಗಿ ಹೋಗ್ತದೆ, ಲೋಹ ಅಷ್ಟೇ ಉಳೀತದೆ.”

ಅಪ್ಪ ಮಗಳು ಸೇರಿ ಅಡುಗೆಮನೆಯ ಗೋಡೆಗೆ ಒಂದು ಉದ್ದದ ಕೊಳವೆ ಕೂರಿಸಿದರು. ಅದರ ತುಂಬ ಕಂದು ಹರಳು, ಕಬ್ಬಿಣದ ಲೇಪ ಹಚ್ಚಿದ ಮರಳು. ನಡೆಯುವಾಗ ಸೀರೆಯ ಅಂಚಿಗೆ ಹುಲ್ಲಿನ ಮುಳ್ಳು ಅಂಟುವ ಹಾಗೆ ಯುರೇನಿಯಂ ಈ ಹರಳಿನ ಮೈಗೆ ಅಂಟಿ ನಿಲ್ಲುತ್ತದೆ ಎಂದು ಸನಾ ವಿವರಿಸಿದಳು. ನೀರು ನಿಧಾನ ಇಳಿಯಬೇಕು, ಅವಸರ ಮಾಡಿದರೆ ಅಂಟುವುದಿಲ್ಲ. ಹರಳಿನ ಮೈ ತುಂಬಿದ ಮೇಲೆ ಬದಲಿಸಬೇಕು. ಹಳೆಯದನ್ನು ಹಿತ್ತಲಿಗೆ ಚೆಲ್ಲದೆ ಮುಚ್ಚಳದ ಡಬ್ಬದಲ್ಲಿ ಇಡಬೇಕು, ತಾನೇ ಒಯ್ಯುತ್ತೇನೆ ಎಂದಳು.

“ಜನರಿಗೂ ಹೇಳ್ಬೇಕು, ಅಬ್ಬಾ. ಇಷ್ಟು ವರ್ಷ ಕುಡಿದವರು ಅವರು,” ಎಂದು ಸನಾ ಅಪ್ಪನ ಕಡೆ ತಿರುಗಿದಳು.

ಜಹಾಂಗೀರ್ ಬೇಡವೆಂದು ತಲೆಯಾಡಿಸಿದ. “ಹೇಳಿ ಎಂತ ಸಾಧಿಸೂದು? ಇನ್ಮೇಲೆ ಸೋಸಿದ ನೀರೇ ಕೊಡ್ತಾಳಲ್ಲ. ಯುರೇನಿಯಂ ಅಂದ್ರೆ ಜನ ಬಾಂಬು ಅಂದ್ಕೊಳ್ತಾರೆ. ಈ ಮನೆ ಮುಂದೆ ಒಂದು ನರಪಿಳ್ಳೆ ನಿಲ್ಲೂದಿಲ್ಲ.”

ಆ ಕೊನೆಯ ಮಾತು ನಿಲೋಫರಳ ಎದೆಗೆ ನಾಟಿತು. ಅವಳು ಭಾವನ ಮಾತಿಗೇ ಹೂಂಗುಟ್ಟಿದಳು.

ಏಪ್ರಿಲ್ ಬಿಸಿಲು ಏರಿತು. ಕೊಳವೆ ತನ್ನ ಪಾಡಿಗೆ ತೊಟ್ಟಿಕ್ಕುತ್ತಿತ್ತು, ಮಡಕೆ ಮಾತ್ರ ಮಧ್ಯಾಹ್ನದೊಳಗೆ ಬರಿದಾಗುತ್ತಿತ್ತು. ಸಬೀಲಿನ ಮಡಕೆ ಖಾಲಿ ಇರಬಾರದು, ಬಾಯಾರಿದವರನ್ನು ತಿರುಗಿಸಿ ಕಳಿಸಬಾರದು ಎಂಬುದು ಅತೀಕ್ ಇದ್ದಾಗಿನ ಕಟ್ಟುನಿಟ್ಟು. ಒಂದು ದಿನ ಬಸ್ಸಿಳಿದ ಹೆಂಗಸರ ಗುಂಪು ಖಾಲಿ ಮಡಕೆ ನೋಡಿ ಮುಂದೆ ಹೋಯಿತು. ನಿಲೋಫರಳಿಗೆ ತಡೆಯಲಾಗಲಿಲ್ಲ. ಮರುದಿನ ಮಡಕೆ ಅರ್ಧಕ್ಕೆ ಇಳಿಯುತ್ತಲೇ ಬೋರಿನ ನೀರನ್ನು ಸೀದಾ ತಂದು ಸುರಿದಳು. ಅರ್ಧವಾದರೂ ಚೊಕ್ಕ ನೀರು ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲಾಮೇಲೆ ಹಾಗೆ ಹೇಳಿಕೊಳ್ಳುವುದನ್ನೂ ಬಿಟ್ಟಳು. ಕೆಟ್ಟ ಹೆಂಗಸಲ್ಲ ಅವಳು, ಒಂಟಿ ಹೆಂಗಸು. ಹಾಗಂತ ಆ ನೀರಿಗೆ ಕರುಣೆ ಬರುವುದಿಲ್ಲವಲ್ಲ.

ನರ್ಸರಿಯಲ್ಲಿ ಸಸಿ ಚೀಲಕ್ಕೆ ಮಣ್ಣು ತುಂಬುವ ಮಂಜಿ ದಿನವೂ ಬರುತ್ತಿದ್ದಳು. ಬಸುರಿ. ಅವತ್ತು ಅವಳ ಕೈಯಲ್ಲಿ ದೊಡ್ಡದೊಂದು ಕ್ಯಾನಿತ್ತು.

“ನಮ್ ಕೇರಿ ನೀರು ಕುಡದ್ರೆ ಹೊಟ್ಟೆ ತೊಳಸ್ತದೆ ಅಕ್ಕ. ನಿಮ್ಮ ನೀರೇ ತಂಪು. ಹೆರಿಗೆ ಆಗೂ ತನಕ ದಿನಾ ಇದ್ರಲ್ಲಿ ಒಯ್ತೆ. ಕೊಡ್ತ್ರಿ ಅಲ್ದಾ?”

ನಿಲೋಫರ್ ಕ್ಯಾನು ಹಿಡಿದಳು. ಮಡಕೆಯ ಮುಚ್ಚಳ ತೆಗೆದಳು. ಮಂಜಿ ಸೊಂಟಕ್ಕೆ ಕೈಕೊಟ್ಟು ನಂಬಿಕೆಯಿಂದ ನಿಂತಿದ್ದಳು. ಲೋಟ ನೀರಿಗೆ ಇಳಿಯಲೇ ಇಲ್ಲ.

“ಮಂಜಿ, ಇದು ಬೇಡ ನಿಂಗೆ.”

“ಯಾಕೆ?”

ಹೇಳಿದಳು. ಬೋರು, ಯುರೇನಿಯಂ, ಕೊಳವೆ, ತಾನು ಬೆರೆಸಿದ್ದು, ಎಲ್ಲವನ್ನೂ.

ಮಂಜಿಯ ಕೈ ಹೊಟ್ಟೆಯ ಮೇಲೆ ಹೋಯಿತು. “ಗೊತ್ತಿದ್ದೂ ಕೊಟ್ರಿ?”

“ಕೊಟ್ಟೆ. ಡಾಕ್ಟರಿಗೆ ತೋರಿಸು, ಇದನ್ನೆಲ್ಲ ಹೇಳು. ನಾನೂ ಬರ್ತೇನೆ.”

“ನೀವು ಬರೂದು ಬೇಡ,” ಎಂದವಳೇ ಖಾಲಿ ಕ್ಯಾನು ಕಿತ್ತುಕೊಂಡು ಹೊರಟಳು.

ಸಂಜೆಯೊಳಗೆ ಸುದ್ದಿ ಊರು ತುಂಬಿತು. ಸಬೀಲಿನ ನೀರಿಗೆ ಬಾಂಬಿನ ನೀರು ಎಂಬ ಹೆಸರಾಯಿತು. ಅವಳ ಗಾಳಿ ತಾಗಿದರೂ ರೋಗ ಬರುತ್ತದೆ ಎಂದು ಕೆಲವರು ಸೇರಿಸಿದರು. ಬಸ್ಸಿಗೆ ಕಾಯುವವರು ರಸ್ತೆ ದಾಟಿ, ನೆರಳಿಲ್ಲದ ಕಡೆ ಬಿಸಿಲಿನಲ್ಲೇ ನಿಲ್ಲತೊಡಗಿದರು. ಪರಿಚಯದ ಡ್ರೈವರುಗಳು ತಿರುವಿನಲ್ಲಿ ಹಾರ್ನ್ ಕೂಡ ಹೊಡೆಯದೆ ಹೋದರು. ಜಹಾಂಗೀರ್ ಫೋನು ಮಾಡಿ, “ನಾನು ಮೊದಲೇ ಹೇಳಿರ್ಲಿಲ್ವಾ?” ಎಂದ.

ಸನಾ ಬಂದು ಹರಳು ಬದಲಿಸಿದಳು. ಸೋಸಿದ ನೀರನ್ನು ಮತ್ತೆ ಪರೀಕ್ಷೆ ಮಾಡಿಸಿ ಫೋನಿನಲ್ಲಿ ಖುಷಿಯಿಂದ ಕೂಗಿದಳು. “ಚಾಚಿ, ಒಳ್ಳೇ ನೀರು! ಈಗ ಧೈರ್ಯವಾಗಿ ಕೊಡಿ.”

“ಯಾರಿಗೆ ಬೇಟಾ?” ಎಂದಳು ನಿಲೋಫರ್.

ಆದರೂ ಅವಳು ಮಡಕೆ ಇಡುವುದನ್ನು ಬಿಡಲಿಲ್ಲ. ಒಂದೇ ಮಡಕೆ, ಕೊಳವೆ ಕೊಟ್ಟಷ್ಟು ನೀರು. ಪಕ್ಕದಲ್ಲಿ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕಟ್ಟಿದಳು: “ನಮ್ಮ ಬೋರಿನಲ್ಲಿ ಯುರೇನಿಯಂ ಇದೆ. ಇದು ಸೋಸಿದ ನೀರು. ಖಾಲಿಯಾದರೆ ಇವತ್ತಿಗೆ ಮುಗಿಯಿತು.” ಓದಿದವರು ಓದಿಕೊಂಡು ಹೋದರು. ಸಂಜೆ, ತುಂಬಿದ್ದಂತೆಯೇ ಉಳಿದ ಮಡಕೆಯ ನೀರನ್ನು ಗಿಡಗಳಿಗೆ ಸುರಿಯುವಾಗ ಅವಳಿಗೆ ಅಳು ಬರುತ್ತಿತ್ತು. ಅತ್ತು, ಮೂಗೊರೆಸಿಕೊಂಡು, ಮಡಕೆ ತೊಳೆದಿಡುತ್ತಿದ್ದಳು.

ಮೊದಲ ಮಳೆ ಬಿದ್ದ ವಾರ ಮಂಜಿ ರಸ್ತೆ ದಾಟಿ ಬಂದಳು. ತುಂಬಿದ ಹೊಟ್ಟೆ, ಏದುಸಿರು. ನಿಲೋಫರ್ ಲೋಟಕ್ಕೆ ಕೈಹಾಕಿದಳು.

“ಕುಡೂಕೆ ಬಂದದ್ದಲ್ಲ,” ಎಂದಳು ಮಂಜಿ. ಸೆರಗಿನಡಿಯಿಂದ ಒಂದು ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟಳು. “ನಮ್ ಕೇರಿ ಬೋರಿನ ನೀರು. ನಿಮ್ಮ ಹುಡುಗಿ ಹತ್ರ ಇದನ್ನೂ ನೋಡ್ಸಿ.”

“ನೋಡಿಸ್ತೇನೆ. ಡಾಕ್ಟರು ಎಂತ ಹೇಳಿದ್ರು?”

“ಹೆದರೂದು ಬೇಡ ಅಂದ್ರು. ಸಿಟ್ಟು ಮಾತ್ರ ಹೋಗ್ಲಿಲ್ಲ ನಂಗೆ.”

“ಹೋಗೂ ಸಿಟ್ಟಲ್ಲ ಅದು.”

ಮಂಜಿ ಬಾಟಲಿಯನ್ನು ಅವಳತ್ತ ಸರಿಸಿದಳು. “ಕೇರೀಲಿ ಹೇಳ್ದೆ, ನೀರು ನೋಡ್ಸ್ವ ಅಂತ. ಕೆಟ್ಟದ್ದು ಅಂತ ಬಂದ್ರೆ ನಮ್ ಹೆಣ್ಮಕ್ಕಳನ್ನ ಯಾರು ಮದ್ವೆ ಮಾಡ್ಕಂಬೂದು, ಸುಮ್ನಿರು ಅಂದ್ರು. ನೀವಾದ್ರೆ ಮುಚ್ಚಿಡೂದಿಲ್ಲ ಈಗ. ಎಂತ ಇದ್ರೂ ಹೇಳ್ತ್ರಿ ಅಲ್ದಾ?”

“ಗೊತ್ತಾದ ದಿನವೇ ಹೇಳ್ತೇನೆ.”

“ಹಂಗಾರೆ ನಂಗೆ ಕಾಯ್ಬೇಡಿ. ಇನ್ನು ನಡೂಕೆ ಆಗ್ತಿಲ್ಲ ನಂಗೆ, ನೀವೇ ಬನ್ನಿ. ನರ್ಸರಿ ದಾಟಿ ಎಡಕ್ಕೆ, ಹೆಂಚು ಒಡೆದ ಮನೆ. ಹೊರಗೆ ನಿಂತ್ಕಂಡು ಕರೀಬೇಡಿ, ಸೀದಾ ಒಳಗೆ ಬಂದು ಕೂತ್ಕಂಡು ಹೇಳಿ.”

ನಿಲೋಫರ್ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಇಷ್ಟು ವರ್ಷ ಅವಳ ಕೈಯಿಂದ ನೀರು ಕುಡಿದವರಲ್ಲಿ ಒಬ್ಬರೂ ಅವಳನ್ನು ಮನೆಗೆ ಕರೆದಿರಲಿಲ್ಲ.