ದಕ್ಕೆಯ ಗೋಡೆಯ ಮೇಲೆ ಎರಡು ಟಿ.ವಿ.

ಮಾರ್ಚ್ ಹದಿನಾಲ್ಕು, ಗುರುವಾರ. ಅಂದು ನಮ್ಮ ದಕ್ಕೆಯಲ್ಲಿ ಲಾಂಚು ಹತ್ತಿ ಹೊಳೆ ದಾಟಿದವರು ನಾನೂರ ಹನ್ನೆರಡು ಮಂದಿ. ಅವರಲ್ಲಿ ಏಳು ಮಂದಿ ಹತ್ತಿದ್ದು ತಪ್ಪು ಲಾಂಚು. ಮೇಲ್ದಂಡೆಗೆ ಹೋಗಬೇಕಾದವರು ನಡುಗಡ್ಡೆಯಲ್ಲಿ ಇಳಿದು, ಮುಂದಿನ ಲಾಂಚಿನಲ್ಲಿ ಮರಳಿ ಬಂದು, ಟಿಕೆಟ್ ಕಿಟಕಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದರು.

ಆ ಬೈಗುಳ ನ್ಯಾಯವಾಗಿ ಸಲ್ಲಬೇಕಾದದ್ದು ನನಗೆ. ನೀರು ಇಳಿದು ಲಾಂಚುಗಳ ಸರದಿ ಬದಲಾಗಿತ್ತು. ನಾನು ಏಣಿ ಹತ್ತಿ, ಹಲಗೆಯ ಮೇಲಿನ ಹಳೆಯ ವೇಳೆ ಒರೆಸಿ, ಸೀಮೆಸುಣ್ಣದಲ್ಲಿ ಹೊಸದನ್ನು ಬರೆಯುವಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು. ಏಳು ಜನರಿಗೆ ನಾಲ್ಕು ನಿಮಿಷ ಸಾಕಾಯಿತು.

ನಾನು ಹನ್ನೊಂದು ವರ್ಷ ಶಾಲೆಯಲ್ಲಿ ಅಂಕಗಣಿತ ಕಲಿಸಿದವನು. ಅನಂತರದ ಇಪ್ಪತ್ತಾರು ವರ್ಷ ಈ ದಕ್ಕೆಯಲ್ಲಿ ವೇಳೆ ಬರೆದವನು. ಮೇಷ್ಟ್ರು ಎಂಬ ಹೆಸರು ಮಾತ್ರ ಶಾಲೆಯಿಂದ ನನ್ನ ಹಿಂದೆಯೇ ಬಂತು. ಟಿಕೆಟ್ ಕಿಟಕಿಯಲ್ಲಿ ಕುಳಿತು ಆ ಏಳು ಜನರ ಮಾತನ್ನು ತಲೆಬಗ್ಗಿಸಿ ಕೇಳಿದವಳು ನನ್ನ ಮಗಳು. ಆರು ವರ್ಷದಿಂದ ಆ ಕಿಟಕಿ ಅವಳದು.

ಮರುದಿನ ಅವಳು ಲಾಂಚುಗಳ ಯಜಮಾನರ ಕೋಣೆಗೆ ಹೋದಳು. ನನ್ನನ್ನೂ ಕರೆದರು. ಯಜಮಾನರ ತಮ್ಮ, ನಾವೆಲ್ಲ ಚಿಕ್ಕ ಯಜಮಾನರು ಎನ್ನುವವರು, ಕಿಟಕಿಗೆ ಒರಗಿ ನಿಂತಿದ್ದರು. ಮೂರು ಲಾಂಚುಗಳಿಗೂ ಹಿರಿಯ ಚಾಲಕನಾದ ಉದ್ದಣ್ಣ ಡೀಸೆಲ್ ಚೀಟಿಗೆ ಸಹಿ ಹಾಕಿಸಲು ಬಂದವನು, ಸಹಿಯಾದ ಮೇಲೂ ಹೋಗಲಿಲ್ಲ.

"ಇನ್ನು ಆ ಹಲಗೆ ಸಾಕು ಮಾಡೋಣ ಯಜಮಾನ್ರೇ," ಎಂದಳು ಮಗಳು. "ಗೋಡೆಗೆ ಒಂದು ಟಿವಿ ಹಾಕೋಣ. ಸರದಿ ಬದಲಾದ್ರೆ ನಾನು ಕಿಟಕಿಯಲ್ಲಿ ಕೂತೇ ಬದಲಾಯಿಸ್ತೀನಿ. ನಾಲ್ಕು ಸೆಕೆಂಡು."

"ಟಿವಿ ತಾನೇ? ತಂದ್ರಾಯ್ತು," ಎಂದರು ಯಜಮಾನರು.

"ಮನೆಯಲ್ಲಿ ನೋಡೋ ಟಿವಿ ಅಲ್ಲ. ಅಂಗಡಿ, ಆಸ್ಪತ್ರೆ, ನಿಲ್ದಾಣಗಳಿಗೆ ಅಂತ ಮಾಡಿದ್ದು ಬೇರೆ ಇದೆ. ಅದೇ ಬೇಕು."

ಅವಳು ಒಂದು ಹಾಳೆ ಮುಂದಿಟ್ಟಳು. ಮನೆಯ ಟಿ.ವಿ.ಯ ಬೆಲೆ ನೂರು ಎಂದಿಟ್ಟುಕೊಂಡರೆ ಅವಳು ಕೇಳಿದ್ದರ ಬೆಲೆ ಇನ್ನೂರ ಮೂವತ್ತು. ಯಜಮಾನರು ಹಾಳೆಯನ್ನು ತಮ್ಮನ ಕಡೆಗೆ ಸರಿಸಿದರು. ಚಿಕ್ಕ ಯಜಮಾನರು ನಕ್ಕರು.

"ಎರಡೂ ಐವತ್ತೈದು ಇಂಚು! ಹೆಚ್ಚಿನ ನೂರ ಮೂವತ್ತು ಯಾಕಮ್ಮ? ಅದು ಚಹಾ ಮಾಡಿ ಕೊಡುತ್ತಾ?"

"ಮೊದಲ ಲಾಂಚು ಐದು ನಲವತ್ತಕ್ಕೆ, ಕೊನೆಯದು ರಾತ್ರಿ ಎಂಟು ಇಪ್ಪತ್ತಕ್ಕೆ," ಎಂದಳು ಮಗಳು. "ದಿನಕ್ಕೆ ಹದಿನಾಲ್ಕು ಗಂಟೆ ನಲವತ್ತು ನಿಮಿಷ ಉರೀಬೇಕು. ಮನೆ ಟಿವಿ ಅಷ್ಟು ಹೊತ್ತಿಗೆ ಮಾಡಿದ್ದಲ್ಲ. ನಿಲ್ದಾಣದಲ್ಲಿ ಹಾಕಿದ್ರೆ ಅದರ ಗ್ಯಾರಂಟಿಯೂ ಇರಲ್ಲ. ಎಲ್ಲಕ್ಕಿಂತ ಮುಖ್ಯ, ಅದರ ಹೊಳಪು ನಮ್ಮ ಹಾಲ್‌ಗೆ ಸಾಲಲ್ಲ."

ಯಜಮಾನರು ನನ್ನತ್ತ ತಿರುಗಿದರು. ದಕ್ಕೆಯಲ್ಲಿ ಅಂಕಿಗಳ ಜಗಳ ಬಂದರೆ ತಿರುಗುವುದು ನನ್ನ ಕಡೆಗೇ. "ಮೇಷ್ಟ್ರೇ, ನೀವು ಹೇಳಿ. ಮಗಳು ಅಂತ ನೋಡಬೇಡಿ."

ನಾನು ನೋಡಲಿಲ್ಲ. ಹಿಂದಿನ ಸಂಜೆ ಅವಳು ಆ ಹಾಳೆ ತೋರಿಸಿದೊಡನೆಯೇ ಟಿ.ವಿ. ಅಂಗಡಿಗೆ ಹೋಗಿ ಬಂದಿದ್ದೆ. ನಮ್ಮ ಹಾಲ್‌ನ ಕೊನೆಯ ಬೆಂಚು ಗೋಡೆಯಿಂದ ಐವತ್ತೆಂಟು ಅಡಿ. ಇಪ್ಪತ್ತೈದು ಅಡಿ ದೂರಕ್ಕೆ ಒಂದಿಂಚು ಎತ್ತರದ ಅಕ್ಷರ ಬೇಕೆಂಬುದು ಹಲಗೆಯಿಂದ ನಾನು ಕಲಿತ ಲೆಕ್ಕ. ಆ ಪ್ರಕಾರ ಎರಡು ಇಂಚು, ಮೇಲೆ ಮೂರನೆಯ ಒಂದು ಭಾಗ. ಐವತ್ತೈದು ಇಂಚಿನ ಟಿ.ವಿ.ಯ ಎತ್ತರ ಇಪ್ಪತ್ತೇಳು ಇಂಚು. ಅದರಲ್ಲಿ ಇಂಥ ಎಂಟು ಸಾಲು ಸಲೀಸಾಗಿ ಕೂರುತ್ತವೆ. ಅಂಗಡಿಯವನಿಂದ ಎರಡರಲ್ಲೂ ವೇಳಾಪಟ್ಟಿ ಹಾಕಿಸಿ, ಐವತ್ತೆಂಟು ಅಡಿ ಅಳೆದು ಹಿಂದೆ ಸರಿದು ಓದಿದ್ದೆ. ಎರಡೂ ಒಂದೇ ತೆರನಾಗಿ ಕಂಡಿದ್ದವು.

"ಅಳತೆ ಒಂದೇ, ಅಕ್ಷರ ಒಂದೇ," ಎಂದೆ. "ಮನೆಯದು ದಿನಕ್ಕೆ ಹೆಚ್ಚು ಹೊತ್ತು ಉರಿದು ಬೇಗ ಕೆಟ್ಟರೂ, ಆ ಇನ್ನೂರ ಮೂವತ್ತರಲ್ಲೇ ಇನ್ನೊಂದು ಬಂದು ಇನ್ನೂ ಮೂವತ್ತು ಉಳಿಯುತ್ತದೆ. ಹೊಳಪು ಎಂಬುದು ಮಾರುವವನ ಮಾತು. ನನ್ನ ಮಗಳ ಲೆಕ್ಕ ತಪ್ಪು."

ಉದ್ದಣ್ಣ ಲೊಚಗುಟ್ಟಿದ. ಮಗಳು ನನ್ನನ್ನು ನೋಡಲಿಲ್ಲ. ಹಾಳೆಯನ್ನು ಎರಡಾಗಿ ಮಡಿಸಿದಳು, ಅಷ್ಟೆ.

ಯಜಮಾನರು ಅಳೆದು ತೂಗಿ ಮಾತಾಡುವವರು. "ನೋಡಮ್ಮ," ಎಂದರು, "ನಡುಗಡ್ಡೆ, ಮೇಲ್ದಂಡೆ, ಇಲ್ಲಿ, ಮೂರು ದಕ್ಕೆಯ ವೇಳೆ, ಸರದಿ ಎಲ್ಲ ಒಬ್ಬರ ಕೈಯಲ್ಲಿ ಇರಲಿ ಅಂತ ನನಗೂ ಮನಸ್ಸಿದೆ. ಅದು ನಿನಗೋ ತಮ್ಮನಿಗೋ ಅಂತ ಯೋಚಿಸ್ತಾ ಇದ್ದೆ. ಮೊದಲ ಟಿವಿಯೇ ಎಡವಿದ್ರೆ, ಆಮೇಲೆ ನನ್ನನ್ನು ದೂರಬೇಡ."

"ಎರಡನ್ನೂ ಒಂದು ದಿನ ಗೋಡೆಗೆ ಹಾಕಿ ನೋಡೋಣ," ಎಂದಳು ಅವಳು. "ಅಂಗಡಿಯವರನ್ನ ನಾನು ಒಪ್ಪಿಸ್ತೀನಿ. ಓದೋಕೆ ಆಗುತ್ತಾ ಇಲ್ವಾ ಅಂತ ಅಪ್ಪನೇ ಎಣಿಸಲಿ."

"ಅಪ್ಪನೇ ಯಾಕೆ?" ಚಿಕ್ಕ ಯಜಮಾನರು ಹುಬ್ಬೇರಿಸಿದರು.

"ಅವರು ಯಾರ ಪರವಾಗಿಯೂ ಎಣಿಸಲ್ಲ. ನೀವೇ ನೋಡಿದ್ರಲ್ಲ."

ಅಂದು ಮನೆಯಲ್ಲಿ ನಾನೂ ಅವಳೂ ಟಿ.ವಿ.ಯ ಮಾತೆತ್ತಲಿಲ್ಲ. ಅವಳ ತಾಯಿ ಊಟಕ್ಕೆ ಬಡಿಸುತ್ತ, "ಇಬ್ಬರ ಬಾಯಲ್ಲೂ ಏನು ಅವಲಕ್ಕಿ ತುಂಬಿದೆಯಾ?" ಎಂದಳು.

ಸೋಮವಾರ ಬೆಳಿಗ್ಗೆ ಅಂಗಡಿಯವನು ಎರಡು ಟಿ.ವಿ.ಗಳನ್ನೂ ತಂದು, ಹಲಗೆಯನ್ನು ಕೆಳಗಿಳಿಸಿ, ಆ ಗೋಡೆಗೇ ಅಕ್ಕಪಕ್ಕ ತೂಗುಹಾಕಿದ. ಎಡಗಡೆ ಮನೆಯದು, ಬಲಗಡೆ ನಿಲ್ದಾಣದ್ದು. ಮಗಳು ಎರಡರಲ್ಲೂ ಒಂದೇ ವೇಳಾಪಟ್ಟಿ ಹಾಕಿದಳು. ಹೊರಗೆ ಹೊಳೆಯ ಮೇಲಿನ ಮಂಜು ಇನ್ನೂ ಪೂರ್ತಿ ಸರಿದಿರಲಿಲ್ಲ.

ಹತ್ತು ಗಂಟೆಗೆ ಹಾಲ್‌ನಲ್ಲಿ ನಲವತ್ತೊಂದು ಮಂದಿ ಕುಳಿತಿದ್ದರು. ನಾನು ಬೆಂಚಿನಿಂದ ಬೆಂಚಿಗೆ ಹೋಗಿ ಕೇಳಿದೆ. ಎಡಗಡೆಯದನ್ನು ಓದಿದವರು ನಲವತ್ತೊಂದು. ಬಲಗಡೆಯದನ್ನು ಓದಿದವರೂ ನಲವತ್ತೊಂದು. ಒಬ್ಬ ಮುದುಕಿ ಎರಡನ್ನೂ ಗಟ್ಟಿಯಾಗಿ ಓದಿ, "ಪಾಸಾದೆನಾ?" ಎಂದು ಕೇಳಿದಳು.

ಚಿಕ್ಕ ಯಜಮಾನರು ಕೈ ತಟ್ಟಿದರು. "ಮುಗೀತಲ್ಲ ಮೇಷ್ಟ್ರೇ! ಬಲಗಡೆಯದನ್ನು ಇಳಿಸೋಕೆ ಹೇಳಿ."

"ದಿನ ಇನ್ನೂ ಮುಗಿದಿಲ್ಲ," ಎಂದಳು ಮಗಳು, ಚಿಲ್ಲರೆ ಎಣಿಸುತ್ತಲೇ. "ಮೂರೂವರೆಗೆ ಇನ್ನೊಂದು ಸಲ ಎಣಿಸಿ."

"ಮೂರೂವರೆಗೆ ಅಕ್ಷರ ಕುಗ್ಗುತ್ತಾ?"

"ನೋಡಿ, ಗೊತ್ತಾಗುತ್ತೆ."

ನನಗೂ ಅರ್ಥವಾಗಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಇಪ್ಪತ್ತಾರು ವರ್ಷ ನಾನು ಆ ಗೋಡೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿದ್ದೇನೆ. ಮೂರೂವರೆಯಲ್ಲಿ ನನ್ನ ಹಲಗೆಗೆ ಯಾವ ಕುಂದೂ ಬಂದದ್ದಿಲ್ಲ. ಆ ಹೊತ್ತಿನಲ್ಲೇ ಅದು ಹೆಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು.

ಮೂರು ಗಂಟೆಯ ಮೇಲೆ ಸೂರ್ಯ ಹೊಳೆಯ ಆ ದಡದ ಕಡೆಗೆ ವಾಲಿದ. ಮೂರೂ ಇಪ್ಪತ್ತಕ್ಕೆ ನೀರಿನ ಮೇಲೆ ಬಿದ್ದ ಬಿಸಿಲು ಪುಟಿದು, ತೆರೆದ ಕಡೆಯಿಂದ ಹಾಲ್‌ನೊಳಗೆ ಬಂದು, ನೇರವಾಗಿ ಆ ಗೋಡೆಗೆ ಹೊಡೆಯಿತು. ಕಣ್ಣು ಕಿರಿದು ಮಾಡದೆ ಅತ್ತ ನೋಡುವಂತಿರಲಿಲ್ಲ. ಎಡಗಡೆಯ ಟಿ.ವಿ. ನೋಡನೋಡುತ್ತಿದ್ದಂತೆ ಬೂದು ಬಣ್ಣಕ್ಕೆ ತಿರುಗಿತು. ಅದರ ಮೇಲೆ ವೇಳೆಯಿರಲಿಲ್ಲ. ಬೆಂಚುಗಳಿದ್ದವು, ಕಂಬಗಳಿದ್ದವು, ಹೊಳೆಯಿತ್ತು, ಹೊಳೆಯ ಮೇಲೆ ಒಂದು ಲಾಂಚು ಕೂಡ ಇತ್ತು. ಉದ್ದಣ್ಣ ಅದರೆದುರು ನಿಂತು ಗಲ್ಲ ಸವರಿಕೊಂಡ.

"ಮೇಷ್ಟ್ರೇ, ಇದನ್ನ ನನ್ನ ಮನೆಗೆ ಕೊಟ್ಟುಬಿಡಿ. ಗಡ್ಡ ಕೆರೆಯೋಕೆ ಕನ್ನಡಿ ಇಲ್ಲ ಅಂತ ಹೆಂಡತಿ ದಿನಾ ಗೊಣಗ್ತಾಳೆ."

"ಗಡ್ಡ ಕೆರೆಯೋದು ಅವಳಾ?" ಎಂದಳು ಮಗಳು ಕಿಟಕಿಯಿಂದ.

"ಚುಚ್ಚೋದು ಅವಳಿಗಲ್ವೇನಮ್ಮ!"

ಬೆಂಚುಗಳ ಮೇಲಿದ್ದವರು ನಕ್ಕರು. ನಾನು ನಗದೆ ಎಣಿಸಿದೆ. ಹಾಲ್‌ನಲ್ಲಿ ಮೂವತ್ತೆಂಟು ಮಂದಿ. ಎಡಗಡೆಯ ಟಿ.ವಿ.ಯನ್ನು ಓದಿದವರು ಒಂಬತ್ತು. ಅವರೆಲ್ಲ ಗೋಡೆಯ ಬುಡದ ಎರಡು ಬೆಂಚುಗಳಲ್ಲಿ ಓರೆಯಾಗಿ ಕುಳಿತವರು. ಬಲಗಡೆಯದನ್ನು ಓದಿದವರು ಮೂವತ್ತಾರು. ಉಳಿದ ಇಬ್ಬರಲ್ಲಿ ಒಬ್ಬ ನಿದ್ದೆ ಮಾಡುತ್ತಿದ್ದ, ಇನ್ನೊಬ್ಬ ಕನ್ನಡಕವನ್ನು ಮನೆಯಲ್ಲಿ ಬಿಟ್ಟು ಬಂದಿದ್ದ.

ನಾನು ಪುನಃ ಎಣಿಸಿದೆ. ಅಂಕಿ ಅದೇ.

ಆಗ ನನಗೆ ನನ್ನ ತಪ್ಪು ಕಂಡಿತು. ಹಲಗೆಯ ಮೇಲಿನ ಸುಣ್ಣಕ್ಕೆ ತನ್ನದೆಂಬ ಬೆಳಕಿಲ್ಲ. ಹೊರಗಿನ ಬೆಳಕು ಹೆಚ್ಚಿದಷ್ಟೂ ಅದು ಬೆಳ್ಳಗಾಗುತ್ತದೆ. ಟಿ.ವಿ. ತನ್ನ ಬೆಳಕಿನಿಂದ ಕಾಣುವಂಥದ್ದು. ಹೊರಗಿನ ಬೆಳಕು ಅದಕ್ಕೆ ಎದುರಾಳಿ. ನಾನು ಅಳೆದದ್ದು ಅಂಗಡಿಯ ಅರೆಬೆಳಕಿನಲ್ಲಿ. ದೂರವನ್ನು ಲೆಕ್ಕಕ್ಕೆ ಹಿಡಿದು ಹೊಳೆಯನ್ನು ಬಿಟ್ಟಿದ್ದೆ. ಲೆಕ್ಕದಲ್ಲಿ ಕೊಟ್ಟ ಒಂದು ಅಂಕಿಯನ್ನು ಪೂರ್ತಿಯಾಗಿ ಬಿಟ್ಟು ಉತ್ತರ ಬರೆದ ಹುಡುಗರಿಗೆ ನಾನು ಸೊನ್ನೆ ಕೊಡುತ್ತಿದ್ದೆ.

ಮಗಳು ಬಂದು ಪಕ್ಕದಲ್ಲಿ ನಿಂತಳು. "ಎಡಗಡೆಯದಕ್ಕೆ ಹೊಳಪು ಇನ್ನೂರ ಎಂಬತ್ತು ಅಪ್ಪ, ಬಲಗಡೆಯದಕ್ಕೆ ಏಳುನೂರು. ನೀವು ನೋಡಿದ ಹಾಳೆಯಲ್ಲೇ ಇತ್ತು, ಮೂರನೇ ಸಾಲು."

"ಮೂರೂವರೆಯ ಬಿಸಿಲು ನಿನಗೆ ಹೇಗೆ ಗೊತ್ತು?"

"ಆರು ವರ್ಷದಿಂದ ಈ ಹೊತ್ತಿಗೆ ನನ್ನ ಕಂಪ್ಯೂಟರ್‌ಗೆ ಕೈ ಅಡ್ಡ ಹಿಡೀತಾ ಇದ್ದೀನಿ. ನಿಮ್ಮ ಬೆನ್ನು ಹೊಳೆ ಕಡೆ, ನಿಮಗೆ ಎಲ್ಲಿ ಕಾಣ್ಬೇಕು?"

ಅವಳು ಅಷ್ಟಕ್ಕೇ ಬಿಡಲಿಲ್ಲ. ಅಂಗಡಿಯವನಿಗೆ ಹೇಳಿ ಗೋಡೆಯ ಕರೆಂಟನ್ನು ತೆಗೆಸಿ, ಒಂದು ನಿಮಿಷದ ಮೇಲೆ ಮತ್ತೆ ಕೊಡಿಸಿದಳು. ಬಲಗಡೆಯದು ತಾನಾಗಿ ಎದ್ದು ವೇಳಾಪಟ್ಟಿಯನ್ನೇ ತೋರಿಸಿತು. ಎಡಗಡೆಯದು ಎದ್ದು, ಯಾವ ಚಾನೆಲ್ ಬೇಕೆಂದು ಕೇಳುತ್ತ ನಿಂತಿತು. "ದಿನಕ್ಕೆ ಮೂರು ಸಲ ಕರೆಂಟ್ ಹೋಗುತ್ತೆ," ಎಂದಳು. "ಮೂರು ಸಲವೂ ರಿಮೋಟ್ ಹಿಡಿದು ಓಡೋದು ಯಾರು?"

ನಾಲ್ಕು ಗಂಟೆಗೆ ಯಜಮಾನರು ಮೇಲ್ದಂಡೆಯಿಂದ ಬಂದಿಳಿದರು. ಅಷ್ಟರಲ್ಲಿ ಮೋಡವೊಂದು ಅಡ್ಡ ಬಂದು ಹಾಲ್‌ಗೆ ನೆರಳು ಕವಿದಿತ್ತು, ಎರಡೂ ಟಿ.ವಿ.ಗಳು ಬೆಳಗಿನಂತೆಯೇ ಚೆನ್ನಾಗಿ ಕಾಣುತ್ತಿದ್ದವು. ಚಿಕ್ಕ ಯಜಮಾನರು ಅಣ್ಣನಿಗಿಂತ ಮೊದಲು ನನ್ನ ಬಳಿಗೆ ಬಂದರು. ದನಿ ತಗ್ಗಿಸಿದರು.

"ಮೇಷ್ಟ್ರೇ, ಬಿಸಿಲು ಬರೋದು ಒಂದೇ ಗಂಟೆ ಹೊತ್ತು. ಹೊಳೆ ಕಡೆಗೆ ಒಂದು ಚಾಪೆ ಇಳಿಬಿಟ್ರೆ ಆಯ್ತು. ಬೆಳಗಿನ ಎಣಿಕೆ ಹೇಳಿ ಸಾಕು. ನಿಮ್ಮ ಮಾತೇ ನಿಂತ ಹಾಗಾಗುತ್ತೆ. ಇಲ್ಲದಿದ್ರೆ ಗುರುವಿಗೇ ತಿರುಮಂತ್ರ ಅಂತ ದಕ್ಕೆಯೆಲ್ಲ ಆಡಿಕೊಳ್ಳುತ್ತೆ."

ನನ್ನ ಮಾತು ನಿಲ್ಲುವುದು ನನಗೆ ಹಿತವಾದ ವಿಷಯವೇ. ಇಪ್ಪತ್ತಾರು ವರ್ಷದಲ್ಲಿ ಅದು ಬಿದ್ದದ್ದಿಲ್ಲ.

ಯಜಮಾನರು ಎರಡು ಟಿ.ವಿ.ಗಳನ್ನೂ ನೋಡಿದರು. "ಎರಡೂ ಕಾಣ್ತವಲ್ಲ. ಮೇಷ್ಟ್ರೇ, ಎಣಿಕೆ ಎಷ್ಟು?"

ಮಗಳು ಕಿಟಕಿಯೊಳಗೆ ಇಬ್ಬರಿಗೆ ಟಿಕೆಟ್ ಹರಿಯುತ್ತಿದ್ದಳು. ತಲೆಯೆತ್ತಲಿಲ್ಲ. ಉದ್ದಣ್ಣ ಹಗ್ಗ ಸುತ್ತುವುದನ್ನು ನಿಲ್ಲಿಸಿದ.

"ಬೆಳಿಗ್ಗೆ ಹತ್ತಕ್ಕೆ ನಲವತ್ತೊಂದರಲ್ಲಿ ನಲವತ್ತೊಂದು, ಎರಡಕ್ಕೂ," ಎಂದೆ. "ಮಧ್ಯಾಹ್ನ ಮೂರೂವರೆಗೆ ಮೂವತ್ತೆಂಟರಲ್ಲಿ ಒಂಬತ್ತು ಮನೆಯದಕ್ಕೆ, ಮೂವತ್ತಾರು ನಿಲ್ದಾಣದ್ದಕ್ಕೆ. ನಮ್ಮಲ್ಲಿ ಜನ ಹೆಚ್ಚಾಗಿ ಬರುವುದು ಮೂರರಿಂದ ಐದರವರೆಗೆ. ಚಾಪೆ ಇಳಿಬಿಟ್ಟರೆ ಬರುವ ಲಾಂಚು ಕಾಣುವುದಿಲ್ಲ. ಎಲ್ಲರೂ ಎದ್ದು ಅಂಚಿಗೆ ನಿಲ್ಲುತ್ತಾರೆ. ಶುಕ್ರವಾರ ನಿಮ್ಮ ಕೋಣೆಯಲ್ಲಿ ಮಗಳ ಲೆಕ್ಕ ತಪ್ಪು ಎಂದಿದ್ದೆ. ಅವಳ ಲೆಕ್ಕ ಸರಿ. ತಪ್ಪಿದ್ದು ನನ್ನದು. ನಾನು ಬೆಳಕನ್ನು ಬಿಟ್ಟು ಲೆಕ್ಕ ಹಾಕಿದೆ."

ಉದ್ದಣ್ಣ, "ಯಪ್ಪಾ! ಮೇಷ್ಟ್ರು ತಪ್ಪು ಒಪ್ಪಿದ್ರು. ಇವತ್ತು ಹೊಳೆ ಹಿಂದಕ್ಕೆ ಹರಿಯುತ್ತೆ, ಲಂಗರು ಗಟ್ಟಿಯಾಗಿ ಹಾಕ್ರಪ್ಪೋ!" ಎಂದು ಕೂಗಿದ.

ಯಜಮಾನರು ನಗಲಿಲ್ಲ. ಕಿಟಕಿಯ ಬಳಿಗೆ ಹೋದರು. "ಮೂರು ದಕ್ಕೆಗೂ ನೀನೇ ಆರಿಸಮ್ಮ. ವೇಳೆ, ಸರದಿ ಎಲ್ಲ ನಾಳೆಯಿಂದ ನಿನ್ನದೇ. ತಮ್ಮ ಡೀಸೆಲ್ ನೋಡಿಕೊಳ್ಳಲಿ."

"ಮೇಲ್ದಂಡೆಗೆ ಇಷ್ಟು ದುಬಾರಿಯದು ಬೇಡ ಯಜಮಾನ್ರೇ," ಎಂದಳು ಅವಳು. "ಅಲ್ಲಿ ಹಾಲ್‌ನ ಮುಖ ಗುಡ್ಡದ ಕಡೆಗೆ, ಬಿಸಿಲೇ ಬರಲ್ಲ. ಕಡಿಮೆ ಹೊಳಪಿನದು ಸಾಕು. ಆದ್ರೆ ದಿನವಿಡೀ ಉರಿಯೋ ಜಾತಿಯದೇ ಆಗಬೇಕು."

ಆ ಮಾತಿಗೆ ನನ್ನ ಎದೆ ಹಿಗ್ಗಿದ್ದು ನಿಜ. ಗೆದ್ದ ಕ್ಷಣದಲ್ಲಿ ಹೆಚ್ಚು ಕೇಳುವುದು ಸುಲಭ. ಅವಳು ಒಂದೊಂದು ಗೋಡೆಗೂ ಬೇರೆ ಲೆಕ್ಕ ಮಾಡಿಟ್ಟಿದ್ದಳು. ನಾನು ಕಲಿಸಿದ್ದು ಕೂಡುವುದು, ಕಳೆಯುವುದು. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದನ್ನು ಅವಳು ಆ ಕಿಟಕಿಯಲ್ಲಿ ಕುಳಿತು ತಾನೇ ಕಲಿತಿದ್ದಳು. ನಲವತ್ತು ಹುಡುಗರ ತರಗತಿಯಲ್ಲಿ ಅಂಥವರು ಒಬ್ಬರು ಸಿಕ್ಕರೆ ಆ ವರ್ಷ ಸಾರ್ಥಕ ಎನ್ನುತ್ತಿದ್ದೆವು.

ಸಂಜೆ ಇಬ್ಬರೂ ನಡೆದು ಮನೆಗೆ ಹೊರಟೆವು. ಮೀನಿನ ಗೋದಾಮಿನ ತಿರುವಿನಲ್ಲಿ ಅವಳು ಕೇಳಿದಳು.

"ಕೋಪಾನಾ ಅಪ್ಪ?"

"ನಡುಗಡ್ಡೆಯ ಹಾಲ್ ಎಷ್ಟು ಅಡಿ?" ಎಂದೆ.

"ನಲವತ್ತನಾಲ್ಕು."

"ಕಿಟಕಿಗಳು?"

"ಎರಡು, ಪೂರ್ವಕ್ಕೆ. ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ ಬಿಸಿಲು. ಅದಕ್ಕೆ ಟಿವಿ ಅದೇ ಪೂರ್ವದ ಗೋಡೆಗೆ, ಎರಡು ಕಿಟಕಿಗಳ ನಡುವೆ."

"ಕಿಟಕಿಯ ಬೆಳಕು ನೋಡುವವರ ಕಣ್ಣಿಗೆ ಹೊಡೆಯುವುದಿಲ್ಲವೇ?"

ಅವಳು ನಿಂತಳು. ಬೆರಳಿನಿಂದ ಗಾಳಿಯಲ್ಲಿ ಗೋಡೆ, ಕಿಟಕಿ ಬರೆದು ನೋಡಿದಳು. "ಹೊಡೆಯುತ್ತೆ. ಹಾಗಿದ್ರೆ ಉತ್ತರದ ಗೋಡೆ."

"ಉತ್ತರದ ಗೋಡೆ," ಎಂದೆ.

ಯಜಮಾನರ ಎದುರು ನಾನು ಹೇಳಬೇಕಾಗಿದ್ದ ಮಾತನ್ನು ಅಂದೇ ಹೇಳಿ ಮುಗಿಸಿದ್ದೇನೆ. ಅವಳೊಬ್ಬಳಿಗೇ ಕೊಡಬೇಕಾದ ಒಂದು ಭೇಷ್ ಉಳಿದಿದೆ. ಮನೆಯ ಮೆಟ್ಟಿಲು ಹತ್ತುವವರೆಗೂ ಅದು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಒಳಗೆ ಹೋದಾಗ ಅವಳ ತಾಯಿ ಕೈಕಾಲು ತೊಳೆದು ಬನ್ನಿ ಎಂದಳು. ಅದು ಇಂದಿಗೂ ಬಾಕಿ.